ಕರೆಂಟ್ ಹೋದರೂ ಕಾಲ್ ಕಡಿಯಬಾರದು

ಪತ್ರಿಕೆಯ ಒಳಪುಟದ ಮೂಲೆಯಲ್ಲಿ ‘ವಿದ್ಯುತ್ ವ್ಯತ್ಯಯ ಇಂದು’ ಎಂಬ ಬೆರಳಗಲದ ಸುದ್ದಿ ಇರುತ್ತದೆ. 110 ಕೆ.ವಿ. ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ, ಗ್ರಾಹಕರು ಸಹಕರಿಸಬೇಕು ಎಂದು ಶುರುವಾಗಿ ನಗರ, ಕಾಲೊನಿ, ಲೇಔಟ್, ಪಾರ್ಕ್, ಓಣಿಗಳ ಹೆಸರುಗಳು ಉಸಿರು ಬಿಡದೆ ಸಾಗುತ್ತವೆ. ಹಿಂದೆ ಇದನ್ನು ಓದುತ್ತಿದ್ದವರು ಹಿಟ್ಟಿನ ಗಿರಣಿಯವರು, ವೆಲ್ಡಿಂಗ್ ಅಂಗಡಿಯವರು, ಝೆರಾಕ್ಸಿನವರು. ಈಗ ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ಗೋಕುಲ ರಸ್ತೆಗಳಲ್ಲಿ, ಧಾರವಾಡದ ಸಪ್ತಾಪುರ, ಮಾಳಮಡ್ಡಿಗಳಲ್ಲಿ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿರುವಾಗಲೇ ಈ ಸುದ್ದಿ ಹುಡುಕುವ ಹುಡುಗ ಹುಡುಗಿಯರಿದ್ದಾರೆ. ಪತ್ರಿಕೆಯ ಉಳಿದ ಪುಟಗಳನ್ನು ಅವರು ಮನೆಯ ಹಿರಿಯರಿಗೆ ಬಿಟ್ಟುಕೊಟ್ಟು ಬಹಳ ದಿನವಾಯಿತು.

ವಿದ್ಯಾನಗರದ ಅಂಥದೊಂದು ಮನೆ. ಅಕ್ಕ ಬೆಂಗಳೂರಿನ ಕಂಪನಿಯೊಂದಕ್ಕೆ ಬ್ಯಾಂಕ್ ಸಾಫ್ಟ್‌ವೇರಿನ ಕೆಲಸ ಮಾಡುತ್ತಾಳೆ, ಬೆಳಿಗ್ಗೆ ಹತ್ತರಿಂದ ಏಳರವರೆಗೆ. ತಮ್ಮನದು ಅಮೆರಿಕದ ಆಸ್ಪತ್ರೆಗಳ ಬಿಲ್ಲು ನೋಡುವ ಕೆಲಸ, ಸಂಜೆ ಐದಕ್ಕೆ ಕೂತರೆ ಏಳುವುದು ನಡುರಾತ್ರಿ ದಾಟಿ ಎರಡಕ್ಕೆ. ನಡುಮನೆಯಲ್ಲಿ ಅವ್ವ, ಪಡಸಾಲೆಯಲ್ಲಿ ಅಪ್ಪ, ಮುಂಬಾಗಿಲ ಕಟ್ಟೆಯ ಮೇಲೆ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾದ ಅಜ್ಜ. ಮೆಟ್ಟಿಲ ಕೆಳಗೆ, ಹಳೇ ಚಪ್ಪಲಿ ಮತ್ತು ಗಣಪತಿ ಮಂಟಪದ ಹಲಗೆಗಳ ನಡುವೆ, ಒಂದು ಬ್ಯಾಟರಿ. ಇಬ್ಬರ ನೌಕರಿ ನಿಂತಿರುವುದು ಅದರ ಮೇಲೆ.

ಕರೆಂಟ್ ಹೋಗುವ ದಿನದ ಬೆಳಗು ಈ ಮನೆಯಲ್ಲಿ ಮದುವೆಮನೆಯ ಬೆಳಗು. ಏಳರಿಂದಲೇ ಗಡಿಬಿಡಿ. ಲ್ಯಾಪ್‌ಟಾಪು ಎರಡು, ಫೋನು ಐದು, ಪವರ್‌ಬ್ಯಾಂಕು ಮೂರು, ಎಲ್ಲವೂ ಸಿಕ್ಕ ಸಿಕ್ಕ ಪ್ಲಗ್ಗಿಗೆ ಜೋತುಬಿದ್ದಿರುತ್ತವೆ. ಅಪ್ಪ ಮೋಟಾರು ಹಚ್ಚಿ ಮೇಲಿನ ಟಾಕಿ ತುಂಬಿಸುತ್ತಾರೆ.

“ಅವ್ವಾ, ಹತ್ತರೊಳಗ ಮಿಕ್ಸರ್ ಕೆಲಸ ಮುಗಿಸಿಬಿಡು. ಆಮ್ಯಾಲೆ ಹಚ್ಚಬ್ಯಾಡ.”

“ಚಟ್ನಿ ಆತು, ಮಸಾಲಿ ಆತು. ನಿಮ್ಮಪ್ಪನ ಅಂಗಿ ಇಸ್ತ್ರಿ ಒಂದು ಉಳದೈತಿ.”

“ಅಪ್ಪಾ ಇವತ್ತ ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಳ್ಳಲಿ.”

ಇದೇ ದಿನ ನಳದ ನೀರೂ ಬರುವುದಿದ್ದರೆ ಕತೆ ಮುಗಿಯಿತು. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಅಷ್ಟು ದೂರ ಹರಿದು ಬಂದು ಹುಬ್ಬಳ್ಳಿ-ಧಾರವಾಡ ಅವಳಿನಗರದ ಬಹಳಷ್ಟು ಓಣಿಗಳಿಗೆ ದಿನಗಳ ಲೆಕ್ಕದಲ್ಲಿ ಒಮ್ಮೆ ಬರುವಂಥದ್ದು. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಸಿಗತೊಡಗಿತು. ಉಳಿದವರು ಪಾಳಿ ಕಾಯುತ್ತಲೇ ಇದ್ದರು. ಹನ್ನೊಂದರ ಮೀಟಿಂಗ್ ನಡುವೆ ಓಣಿಯ ತುದಿಯಿಂದ “ನೀರು ಬಂದಾವು!” ಎಂಬ ಕೂಗು ಎದ್ದರೆ, ಎಂಥ ಕ್ಲೈಂಟ್ ಇದ್ದರೂ ಮೈಕ್ ಮ್ಯೂಟ್ ಮಾಡಿ ಪೈಪು ಹಿಡಿಯಲು ಓಡಲೇಬೇಕು.

ಹತ್ತು ಹೊಡೆದು ಎರಡು ನಿಮಿಷಕ್ಕೆ ಟಕ್ ಎಂದು ಸದ್ದು. ಫ್ರಿಜ್ಜಿನ ಗುಂಯ್‌ಗುಡುವಿಕೆ ನಿಂತಿತು. ಪಕ್ಕದ ಮನೆಯ ಟಿವಿ ಧಾರಾವಾಹಿ ಅರ್ಧ ಮಾತಿಗೆ ಕಡಿಯಿತು. ಫ್ಯಾನು ಒಂದು ಕ್ಷಣ ಅನುಮಾನಿಸಿ ಮತ್ತೆ ತಿರುಗಿತು. ಅಕ್ಕನ ಕಣ್ಣು ಮಾತ್ರ ಗೋಡೆಯ ಮೇಲಿನ ರೂಟರಿನ ಪುಟ್ಟ ದೀಪಗಳ ಮೇಲೆ. ಇನ್ವರ್ಟರ್ ಕೈಗೆತ್ತಿಕೊಳ್ಳುವ ಆ ಕಣ್ಣೆವೆಯಷ್ಟು ಹೊತ್ತಿನಲ್ಲಿ ರೂಟರ್ ಸತ್ತು ಹುಟ್ಟಿದರೆ ಎರಡು ಮೂರು ನಿಮಿಷ ಇಂಟರ್‌ನೆಟ್ ಇಲ್ಲ, ಕಂಪನಿಯ ವಿಪಿಎನ್ ಕಡಿಯುತ್ತದೆ, ಮತ್ತೆ ಪಾಸ್‌ವರ್ಡು, ಮತ್ತೆ ಫೋನಿಗೆ ಓಟಿಪಿ. ಎಷ್ಟೋ ಇನ್ವರ್ಟರುಗಳಲ್ಲಿ ‘ಯುಪಿಎಸ್ ಮೋಡ್’ ಎಂಬ ಒಂದು ಗುಂಡಿ ಇರುತ್ತದೆ. ಅದನ್ನು ಆ ಕಡೆ ಸರಿಸಿದರೆ ಬದಲಾವಣೆ ಎಷ್ಟು ಬೇಗ ಆಗುತ್ತದೆಂದರೆ ರೂಟರಿಗೆ ಗೊತ್ತೇ ಆಗುವುದಿಲ್ಲ. ಮಾರಿದವರು ಹೇಳುವುದಿಲ್ಲ, ಕೊಂಡವರು ಕೇಳುವುದಿಲ್ಲ. ಈ ಮನೆಯಲ್ಲಿ ಆ ಗುಂಡಿಯ ಪತ್ತೆಯಾದದ್ದು ತಮ್ಮ ಬ್ಯಾಟರಿಯ ಹಿಂದೆ ಬಿದ್ದ ಚೆಂಡು ತೆಗೆಯಲು ಹೋದಾಗ.

ಈಗ ಲೆಕ್ಕ ಶುರು. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ನಷ್ಟ ಕಳೆದು, ಬ್ಯಾಟರಿ ಪೂರ್ತಿ ಬರಿದಾಗಬಾರದೆಂಬ ಎಚ್ಚರ ಕಳೆದು, ಕೈಗೆ ಸಿಗುವುದು ಮೂರರಲ್ಲಿ ಎರಡು ಪಾಲು, ಸುಮಾರು 1200. ಲ್ಯಾಪ್‌ಟಾಪಿಗೆ 60, ರೂಟರಿಗೆ 10, ಒಂದು ಫ್ಯಾನಿಗೆ 70, ಒಂದು ದೀಪಕ್ಕೆ 10 ವ್ಯಾಟ್ ಎಂದರೆ ಎಂಟು ತಾಸು ನಡೆಯುತ್ತದೆ. ಇದು ಹೊಸ ಬ್ಯಾಟರಿಯ ಮಾತು. ಮೂರು ಬೇಸಿಗೆ ಕಂಡ, ಡಿಸ್ಟಿಲ್ಡ್ ವಾಟರ್ ಹಾಕುವುದನ್ನು ಮರೆತ ಬ್ಯಾಟರಿ ನಾಲ್ಕು ತಾಸಿಗೇ ಕೂಗಿಕೊಳ್ಳುತ್ತದೆ. ಅಕ್ಕ ಐದರವರೆಗೆ ಎಳೆದರೆ ತಮ್ಮನ ಪಾಳಿಗೆ ಬ್ಯಾಟರಿಯಲ್ಲಿ ತಳದ ಗಂಜಿ ಮಾತ್ರ. ಕರೆಂಟು ಐದಕ್ಕೆ ಬಂದರೂ ಅದು ತುಂಬಲು ರಾತ್ರಿಯೆಲ್ಲ ಬೇಕು. ಆದ್ದರಿಂದ ಮಧ್ಯಾಹ್ನ ಎರಡಕ್ಕೆ ಫ್ಯಾನಿನ ವಿಷಯದಲ್ಲಿ ಅಕ್ಕ-ತಮ್ಮಂದಿರ ಜಗಳ ಈ ಮನೆಯ ಕಾಯಂ ಕಾರ್ಯಕ್ರಮ.

ಅಕ್ಕನ ಕಂಪನಿಯ ಪೋರ್ಟಲಿನಲ್ಲಿ ಬಿಸಿಪಿ ಎಂದು ಕರೆಯುವ ಕಡತವೊಂದಿದೆ. ಬಿಸಿನೆಸ್ ಕಂಟಿನ್ಯುಟಿ ಪ್ಲ್ಯಾನ್. ಏನೇ ಆದರೂ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಯೋಜನೆ. ಇದಕ್ಕೆಂದೇ 2012ರಲ್ಲಿ ಐಎಸ್‌ಒ 22301 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು, 2019ರಲ್ಲಿ ಪರಿಷ್ಕರಣೆಯಾಯಿತು. ಇಂಥ ಕಡತದ ಜೀವ ಎರಡು ಅಂಕಿಗಳಲ್ಲಿದೆ. ನಿಂತ ಕೆಲಸ ಎಷ್ಟು ತಾಸಿನೊಳಗೆ ಮತ್ತೆ ಏಳಬೇಕು ಎಂಬುದೊಂದು. ಎಷ್ಟು ಹೊತ್ತಿನ ಮಾಹಿತಿ ಕಳೆದುಹೋದರೆ ತಡೆದುಕೊಳ್ಳಬಹುದು ಎಂಬುದು ಇನ್ನೊಂದು. ಒಂದು ಡೇಟಾ ಸೆಂಟರ್ ಮುಳುಗಿದರೆ ಬೇರೆ ಊರಿನ ಇನ್ನೊಂದು ಏಳುತ್ತದೆ, ಬೆಂಕಿ ಬಿದ್ದರೆ ಯಾವ ಮೆಟ್ಟಿಲು ಇಳಿಯಬೇಕು, ಯಾರು ಯಾರಿಗೆ ಫೋನ್ ಮಾಡಬೇಕು, ಎಲ್ಲವೂ ಚೌಕುಳಿ ಹಾಕಿ ಬರೆದಿದೆ. ಮನೆಯಿಂದ ಕೆಲಸ ಮಾಡುವವರ ಬಗ್ಗೆ ಇರುವುದು ಒಂದೇ ಸಾಲು: ನಿರಂತರ ವಿದ್ಯುತ್ ಮತ್ತು ಇಂಟರ್‌ನೆಟ್ ಸಂಪರ್ಕವನ್ನು ನೌಕರರು ಖಚಿತಪಡಿಸಿಕೊಳ್ಳತಕ್ಕದ್ದು. ವರ್ಷಕ್ಕೊಮ್ಮೆ ಅದರ ಕೆಳಗಿನ ಚೌಕದಲ್ಲಿ ‘ಓದಿದ್ದೇನೆ’ ಎಂದು ಟಿಕ್ ಹಾಕಬೇಕು. ಎಲ್ಲರೂ ಹಾಕುತ್ತಾರೆ. ಡೇಟಾ ಸೆಂಟರಿಗೆ ಹತ್ತಾರು ಪುಟ, ಮನೆಗೆ ಒಂದು ಸಾಲು. ಈ ಕಡತದಲ್ಲಿ ನನ್ನ ಕಣ್ಣಿಗೆ ಚುಚ್ಚಿದ್ದು ಇದೇ.

ಇದು ಹೀಗೇ ಇರಬೇಕೆಂದೇನೂ ಇಲ್ಲ. 2010ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ನಗರ ಹಿಮದಲ್ಲಿ ಹೂತು ಸರ್ಕಾರಿ ಕಚೇರಿಗಳು ದಿನಗಟ್ಟಲೆ ಮುಚ್ಚಿದವು. ಅದೇ ಡಿಸೆಂಬರಿನಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿ, ಮನೆಯಿಂದ ಕೆಲಸ ಮಾಡುವುದನ್ನು ಸರ್ಕಾರಿ ಇಲಾಖೆಗಳ ನಿರಂತರತೆಯ ಯೋಜನೆಯೊಳಗೇ ಹೆಣೆಯಬೇಕು ಎಂದು ವಿಧಿಸಿತು. ನಮ್ಮಲ್ಲಿ ಆಗ ಗಾಳಿ ಬೀಸುತ್ತಿದ್ದುದು ಉಲ್ಟಾ ದಿಕ್ಕಿಗೆ. ಕಾಲ್ ಸೆಂಟರಿನವರು ಯಾರನ್ನಾದರೂ ಮನೆಯಿಂದ ಕೆಲಸಕ್ಕೆ ಕೂರಿಸಬೇಕಾದರೆ ಕಂಪನಿ ಒಂದು ಕೋಟಿ ರೂಪಾಯಿವರೆಗೆ ಭದ್ರತಾ ಠೇವಣಿ ಇಡಬೇಕೆಂಬ ನಿಯಮ ದೂರಸಂಪರ್ಕ ಇಲಾಖೆಯದಿತ್ತು. ಅದನ್ನು ಸಡಿಲಿಸಿದ್ದು 2020ರ ಮಾರ್ಚ್ 13ರಂದು, ಕೊರೊನಾ ಬಾಗಿಲಿಗೆ ಬಂದು ನಿಂತ ಮೇಲೆ. ಆಮೇಲೆ ಗಡುವು ವಿಸ್ತರಿಸುತ್ತ ಹೋಗಿ ನವೆಂಬರಿನಲ್ಲಿ ನಿಯಮಾವಳಿಯನ್ನೇ ಹೊಸದಾಗಿ ಬರೆದರು.

ಆ ಮಾರ್ಚಿನ ಹುಬ್ಬಳ್ಳಿ ನೆನಪಾಗುತ್ತದೆ. ಚಿಗರಿ ಬಸ್ಸುಗಳನ್ನು ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿ ಎರಡು ತಿಂಗಳೂ ತುಂಬಿರಲಿಲ್ಲ. 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಅವಳಿನಗರವನ್ನು ಹೊಲಿಯಬೇಕಿದ್ದ ಬಸ್ ಪಥ ಕರಿಹಾವಿನ ಪೊರೆಯ ಹಾಗೆ ಬರಿದಾಗಿ ಬಿತ್ತು. ಅದಕ್ಕೆ ಮೊದಲಿನ ವಾರ ಬೆಂಗಳೂರಿನಿಂದ ಬಂದ ರೈಲುಗಳಲ್ಲಿ, ಬಸ್ಸುಗಳಲ್ಲಿ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡವರೇ ಹೆಚ್ಚು. ಕೆಲವರು ಆಫೀಸಿನ ಡೆಸ್ಕ್‌ಟಾಪನ್ನೇ ಬೆಡ್‌ಶೀಟಿನಲ್ಲಿ ಸುತ್ತಿ ತಂದರು. ಹದಿನೈದು ದಿನದ ಮಟ್ಟಿಗೆಂದು ಬಂದವರು ಮುಂದಿನ ಉಗಾದಿಯನ್ನೂ ಇಲ್ಲೇ ಮಾಡಿದರು. ಧಾರವಾಡದ ಹೈಕೋರ್ಟ್ ಪೀಠವೂ ತುರ್ತು ಪ್ರಕರಣಗಳನ್ನು ವಿಡಿಯೊದಲ್ಲಿ ಕೇಳತೊಡಗಿತು. ಕರಿಕೋಟು ತೊಟ್ಟು ದೇವರ ಮನೆಯ ಬಾಗಿಲಿಗೆ ಬೆನ್ನು ಮಾಡಿ ಕೂತ ವಕೀಲರು ಕೆಳಗೆ ಉಟ್ಟಿದ್ದು ಲುಂಗಿಯೋ ಪ್ಯಾಂಟೋ ಎಂಬುದು ಆ ದಿನಗಳ ದೊಡ್ಡ ಜೋಕು.

ಹಾಗೆ ಬಂದವರಲ್ಲಿ ಎಷ್ಟೋ ಜನ ಹಿಂದಿರುಗಲು ಒಪ್ಪಲಿಲ್ಲ. ಒಪ್ಪುವುದಾದರೂ ಏಕೆ? ಸಂಕಲ್ಪ ಸೆಮಿಕಂಡಕ್ಟರ್ 2005ರಿಂದಲೇ ಹುಬ್ಬಳ್ಳಿಯಲ್ಲಿ ಕೂತು ಚಿಪ್ ವಿನ್ಯಾಸ ಮಾಡಿ ತೋರಿಸಿತ್ತು, 2019ರಲ್ಲಿ ಎಚ್‌ಸಿಎಲ್ ಅದನ್ನು ಕೊಂಡಿತ್ತು. ಇಲ್ಲಿ ಕೂತು ಇಂಥ ಕೆಲಸ ಆಗುವುದಿಲ್ಲ ಎಂಬ ಮಾತು ಆಗಲೇ ಸುಳ್ಳಾಗಿತ್ತು. ವಿಮಾನ ನಿಲ್ದಾಣದ ಬಳಿ ಕಟ್ಟಡ ಎದ್ದು ವರ್ಷಗಟ್ಟಲೆ ಖಾಲಿ ನಿಂತಿದ್ದ ಇನ್ಫೊಸಿಸ್ ಕ್ಯಾಂಪಸ್ಸನ್ನು ಶುರು ಮಾಡಿ ಎಂದು ಊರಿಗೆ ಮರಳಿದ ಹುಡುಗರೇ ಜಾಲತಾಣಗಳಲ್ಲಿ ಅಭಿಯಾನ ಹೂಡಿದರು. 2022ರ ಆಗಸ್ಟ್‌ನಲ್ಲಿ ಅದು ಬಾಗಿಲು ತೆರೆಯಿತು. 2024ರಲ್ಲಿ ಹುಬ್ಬಳ್ಳಿಗೆ ಬರುವವರಿಗೆ 8 ಲಕ್ಷ ರೂಪಾಯಿವರೆಗೆ ಪ್ರೋತ್ಸಾಹಧನ ಎಂದೂ ಸುದ್ದಿಯಾಯಿತು.

ಆ ಕ್ಯಾಂಪಸ್ ತೆರೆದ ಮರುತಿಂಗಳೇ ಬೆಂಗಳೂರಿನಲ್ಲಿ ಹೊರವರ್ತುಲ ರಸ್ತೆ ಕೆರೆಯಾಯಿತು. ಬೆಳ್ಳಂದೂರು, ಮಾರತಹಳ್ಳಿ ಕಡೆ ಎಂಜಿನಿಯರುಗಳು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಿಂತು ಆಫೀಸಿಗೆ ಹೋದ ಚಿತ್ರಗಳು ದೇಶವೆಲ್ಲ ಓಡಾಡಿದವು. ಆ ವಾರ ವಿದ್ಯಾನಗರದ ಈ ಮನೆಯಲ್ಲಿ ಅಕ್ಕ ದಿನಕ್ಕೆ ಹನ್ನೆರಡು ತಾಸು ಕೂತಳು. ಏಳು ವರ್ಷದ ಹಿಂದೆ, 2015ರ ಡಿಸೆಂಬರಿನಲ್ಲಿ, ಚೆನ್ನೈ ಮುಳುಗಿದಾಗ ಅಲ್ಲಿನ ಕಂಪನಿಗಳು ನೌಕರರನ್ನು ಬೆಂಗಳೂರಿನಂಥ ಊರುಗಳಿಗೆ ಸಾಗಿಸಿ ಕೆಲಸ ಉಳಿಸಿಕೊಂಡಿದ್ದವು. ಈಗ ಬೆಂಗಳೂರನ್ನು ಉಳಿಸಿಕೊಳ್ಳುವ ಸರದಿ 400 ಕಿಲೊಮೀಟರ್ ಆಚೆಯ ಊರಿನ, ಮೆಟ್ಟಿಲ ಕೆಳಗಿನ ಒಂದು ಬ್ಯಾಟರಿಗೆ ಬಂದಿತ್ತು. ಯಾವ ಕಡತದಲ್ಲೂ ಈ ಬ್ಯಾಟರಿಯ ಹೆಸರಿರಲಿಲ್ಲ.

ಇಷ್ಟಕ್ಕೂ ಪತ್ರಿಕೆಯಲ್ಲಿ ಹೇಳಿ ತೆಗೆಯುವ ಕರೆಂಟಿನದು ಸಜ್ಜನಿಕೆ. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಸೇರಿ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಹೆಸ್ಕಾಂನ ಮುಖ್ಯ ಕಚೇರಿ ಹುಬ್ಬಳ್ಳಿಯ ನವನಗರದಲ್ಲೇ ಇದೆ, 1912ಕ್ಕೆ ಫೋನ್ ಹಚ್ಚಿದರೆ ದೂರು ಬರೆದುಕೊಳ್ಳುತ್ತಾರೆ. ಹೇಳದೆ ಬರುವುದು ಅಡ್ಡಮಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಕಾದು ಕೆಂಡವಾದ ಆಕಾಶ ಸಂಜೆಯ ಹೊತ್ತಿಗೆ ಒಂದು ಕಡೆಯಿಂದ ಕಪ್ಪಾಗುತ್ತದೆ. ಉಣಕಲ್ ಕೆರೆಯ ನೀರು ಸೀಸದ ಬಣ್ಣಕ್ಕೆ ತಿರುಗುತ್ತದೆ. ದೂಳು ಎದ್ದು ಅಂಗಡಿಗಳ ಮುಂದಿನ ತಾಡಪಾಲು ಪಟಪಟ ಬಡಿದುಕೊಂಡು, ಗಿರಮಿಟ್ಟಿನ ಗಾಡಿಯವನು ಬುಟ್ಟಿ ಮುಚ್ಚುವುದರೊಳಗೆ ಮೊದಲ ದಪ್ಪ ಹನಿ. ಗುಲ್‌ಮೊಹರಿನ ಕೊಂಬೆ ಲಟಕ್ಕನೆ ಮುರಿದು ತಂತಿಯ ಮೇಲೆ. ಅಷ್ಟು ಹೊತ್ತಿಗೆ ಗಡಿಯಾರ ಆರೂವರೆ, ಅಂದರೆ ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತು. ತಮ್ಮನ ಕ್ಲೈಂಟ್ ಕಾಫಿ ಲೋಟ ಹಿಡಿದು ಕ್ಯಾಮೆರಾ ಮುಂದೆ ಕೂರುವ ಹೊತ್ತಿಗೇ ಹುಬ್ಬಳ್ಳಿಯ ಮಳೆಗೂ ಮುಹೂರ್ತ.

ಕರೆಂಟಿಗೆ ಬ್ಯಾಟರಿ ಇದೆ, ಇಂಟರ್‌ನೆಟ್ಟಿಗೇನು? ಬುದ್ಧಿವಂತರು ಎರಡು ಕಂಪನಿಗಳ ಲೈನು ಹಾಕಿಸಿಕೊಂಡಿರುತ್ತಾರೆ, ಒಂದು ಹೋದರೆ ಇನ್ನೊಂದು. ಈ ಮನೆಯಲ್ಲೂ ಇದ್ದವು. ಒಂದು ಸಂಜೆ ಎರಡೂ ಒಟ್ಟಿಗೆ ಹೋದವು. ಹೊರಗೆ ಬಂದು ತಲೆಯೆತ್ತಿ ನೋಡಿದರೆ ಎರಡು ಕಂಪನಿಗಳ ಕರಿ ಕೇಬಲ್ಲುಗಳೂ ಓಣಿಯ ತುದಿಯ ಅದೇ ಕಂಬಕ್ಕೆ ಸುತ್ತಿಕೊಂಡಿವೆ; ಕಂಬದ ಮೇಲೆ ಕೊಂಬೆ ಮಲಗಿದೆ. ಬಿಲ್ಲು ಎರಡು, ದಾರಿ ಒಂದೇ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಮೇಲೆ ಅಗೆಯದ ರಸ್ತೆಯೇ ಇಲ್ಲವೆನ್ನುವಷ್ಟು ಅಗೆತ ಕಂಡ ಊರಿದು. ಜೆಸಿಬಿಯ ಹಲ್ಲಿಗೆ ಯಾವ ಕೇಬಲ್ಲು ಯಾರದೆಂದು ಗೊತ್ತಾಗುವುದಿಲ್ಲ. ಎರಡನೆಯ ಲೈನು ಹಾಕಿಸುವವರು ವೇಗ, ದರ ಕೇಳುವ ಮೊದಲು ಅದು ಯಾವ ಕಂಬದಿಂದ ಬರುತ್ತದೆಂದು ಕೇಳಬೇಕು.

ಇನ್ನುಳಿದದ್ದು ಮೊಬೈಲ್. ಓಣಿಯ ಕರೆಂಟು ಹೋದ ಮರುಕ್ಷಣ ಓಣಿಯ ಎಲ್ಲರೂ ಹಾಟ್‌ಸ್ಪಾಟ್ ಹಚ್ಚುತ್ತಾರೆ. ಆನ್‌ಲೈನ್ ತರಗತಿಯ ಮಕ್ಕಳು, ಧಾರಾವಾಹಿ ಅರ್ಧಕ್ಕೆ ಬಿಟ್ಟವರು, ತಮ್ಮನಂಥ ನಾಲ್ಕಾರು ನೌಕರರು, ಎಲ್ಲರ ಭಾರ ಒಂದೇ ಟವರಿನ ಮೇಲೆ. ಸುತ್ತುವ ಚಕ್ರ ಸುತ್ತುತ್ತಲೇ ಇರುತ್ತದೆ. ಟವರಿಗೂ ಬ್ಯಾಟರಿಯೇ ಗತಿ. ಕತ್ತಲು ಹೆಚ್ಚು ಹೊತ್ತು ಮುಂದುವರಿದರೆ ಅದೂ ಕಣ್ಣು ಮುಚ್ಚಬಹುದು.

ಇದಕ್ಕೆ ತಮ್ಮ ಕಂಡುಕೊಂಡ ದಾರಿ ಕಡತದ್ದಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ಅವನ ಸಹೋದ್ಯೋಗಿಯೊಬ್ಬನಿದ್ದಾನೆ. 20 ಕಿಲೊಮೀಟರ್ ದೂರ, ಬೇರೆ ಉಪಕೇಂದ್ರ, ಬೇರೆ ಟವರು. ಹುಬ್ಬಳ್ಳಿಯಲ್ಲಿ ಗುಡುಗಿದಾಗ ಧಾರವಾಡದಲ್ಲಿ ಬಿಸಿಲಿರುವುದು ಹೊಸದೇನಲ್ಲ. ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ: ಇಬ್ಬರ ಕೆಲಸವೂ ಇಬ್ಬರಿಗೂ ಗೊತ್ತಿರಬೇಕು, ಒಬ್ಬನ ದೀಪ ಆರಿದರೆ ಇನ್ನೊಬ್ಬ ಕಾಲ್ ಎತ್ತಿಕೊಳ್ಳಬೇಕು, ತಾಸಿಗಿಂತ ಹೆಚ್ಚಾದರೆ ಚೀಲ ಹೆಗಲಿಗೇರಿಸಿ ಚಿಗರಿ ಹತ್ತಬೇಕು, ಮುಕ್ಕಾಲು ತಾಸಿನಲ್ಲಿ ಆ ಮನೆ. ಅಲ್ಲಿ ಕಾಕು ಬಿಸಿ ಬಿಸಿ ಮಿರ್ಚಿ ಇಟ್ಟುಕೊಂಡು ಕೂತಿರುತ್ತಾರೆ. “ಮಳಿ ಬಂತಂದ್ರ ನೀ ಬರ್ತಿ ಅಂತ ಗೊತ್ತಿತ್ತಪಾ!” ಕಂಪನಿಗಳು ಸಲಹೆಗಾರರಿಗೆ ದುಡ್ಡು ಕೊಟ್ಟು ಬರೆಸುವ ಯೋಜನೆಯಲ್ಲಿ ಬರಬೇಕಾದದ್ದೆಲ್ಲ ಈ ಒಪ್ಪಂದದಲ್ಲಿದೆ, ಮಿರ್ಚಿಯೊಂದು ಹೆಚ್ಚುವರಿ.

ಕೆಲಸಕ್ಕೆ ಅಡ್ಡ ಬರುವ ಸದ್ದಿನದೂ ಒಂದು ಪ್ರಕರಣ. ಈ ಊರಲ್ಲಿ ಓಕುಳಿ ಹೋಳಿಯ ಮರುದಿನಕ್ಕೆ ಮುಗಿಯುವುದಿಲ್ಲ, ರಂಗಪಂಚಮಿಯವರೆಗೆ ಹಲಗಿಯ ಬಡಿತ ಓಣಿ ಓಣಿಯಲ್ಲಿ. ಅದಕ್ಕೆ ಯಾವ ಹೆಡ್‌ಫೋನೂ ಸಾಲದು. ರಜೆ ಹಾಕಿ ಬಣ್ಣ ಆಡುವುದೇ ಲೇಸು.

2024ರ ಜುಲೈ 19, ಶುಕ್ರವಾರ. ಕರೆಂಟಿತ್ತು, ಇಂಟರ್‌ನೆಟ್ಟಿತ್ತು, ಬ್ಯಾಟರಿ ತುಂಬಿತ್ತು. ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳ ಪರದೆಯನ್ನು ನೀಲಿಗಟ್ಟಿಸಿ ಅವನ್ನು ನಿಲ್ಲಿಸಿತು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟ ದಿನ ಅದು. ಅಕ್ಕನ ಲ್ಯಾಪ್‌ಟಾಪೂ ನೀಲಿ. ಆಫೀಸಿನಲ್ಲಾದರೆ ಐಟಿಯವನೊಬ್ಬ ಮೇಜಿಂದ ಮೇಜಿಗೆ ಹೋಗಿ ಸರಿಮಾಡಿಯಾನು. ಸೇಫ್ ಮೋಡಿನಲ್ಲಿ ಏಳಿಸಿ ಒಂದು ಕಡತ ಅಳಿಸಿದರೆ ಆಯಿತು. ಆದರೆ ಯಂತ್ರ ಇರುವುದು ವಿದ್ಯಾನಗರದಲ್ಲಿ, ಐಟಿಯವನಿರುವುದು ಬೆಂಗಳೂರಲ್ಲಿ, ಸತ್ತ ಯಂತ್ರಕ್ಕೆ ದೂರದಿಂದ ಕೈ ಹಾಕಲು ಬರುವುದಿಲ್ಲ. ಮೇಲಾಗಿ ಡಿಸ್ಕಿಗೆ ಬೀಗ. ಬೀಗದ ಕೈ ಎಂದರೆ ಆರಾರು ಅಂಕಿಯ ಎಂಟು ಗುಂಪು, 48 ಅಂಕಿ. ಕೆಲವು ಕಂಪನಿಗಳಲ್ಲಿ ಆ ಅಂಕಿಗಳನ್ನಿಟ್ಟ ಸರ್ವರುಗಳೂ ಅದೇ ಬೆಳಿಗ್ಗೆ ನೀಲಿಯಾಗಿದ್ದವು.

ಕಟ್ಟೆಯ ಮೇಲಿದ್ದ ಅಜ್ಜ ಒಳಗೆ ಬಂದರು.

“ಇಂಥಾದ್ದು ಆದ್ರ ಏನ್ ಮಾಡ್ಬೇಕಂತ ನಿಮ್ಮ ಪುಸ್ತಕದಾಗ ಬರದೈತೇನು?”

“ಐಟಿ ಸಪೋರ್ಟಿಗೆ ಟಿಕೆಟ್ ಹಾಕ್ರಿ ಅಂತ ಐತಿ, ಅಜ್ಜಾ.”

“ಟಿಕೆಟ್ ಎದರಾಗ ಹಾಕ್ತಿ?”

“ಇದ ಲ್ಯಾಪ್‌ಟಾಪಿನಾಗ.”

ಅಜ್ಜ ನಕ್ಕ ನಗೆಗೆ ಅಡುಗೆಮನೆಯಿಂದ ಅವ್ವ ಬಂದು ನೋಡಿದಳು.

ಹುಬ್ಬಳ್ಳಿ ರೈಲ್ವೆಯ ಊರು. 2003ರಿಂದ ನೈರುತ್ಯ ರೈಲ್ವೆಯ ಕೇಂದ್ರಸ್ಥಾನ. 1507 ಮೀಟರಿನ ಪ್ಲಾಟ್‌ಫಾರ್ಮು ನೋಡಲು ಹೊರಗಿನವರು ಬರುತ್ತಾರೆ. ಆದರೆ ಅಜ್ಜನ ಹೆಮ್ಮೆ ಇರುವುದು ಉದ್ದದಲ್ಲಲ್ಲ, ನಿಯಮದ ಪುಸ್ತಕದಲ್ಲಿ. ಎರಡು ನಿಲ್ದಾಣಗಳ ನಡುವಿನ ಬ್ಲಾಕ್ ಉಪಕರಣ ಕೆಟ್ಟರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿದೆ: ಫೋನಿನಲ್ಲಿ ಪಕ್ಕದ ನಿಲ್ದಾಣದವರೊಡನೆ ಪ್ರೈವೇಟ್ ನಂಬರ್ ಅದಲುಬದಲು ಮಾಡಿಕೊಂಡು, ಪೇಪರ್ ಲೈನ್ ಕ್ಲಿಯರ್ ಬರೆದು ಚಾಲಕನ ಕೈಗಿಟ್ಟು ಗಾಡಿ ಬಿಡಬೇಕು. ಫೋನೂ ಸತ್ತರೆ? ಅದಕ್ಕೂ ಬರೆದಿದೆ. ಒಂಟಿ ಹಳಿಯ ದಾರಿಯಲ್ಲಿ ಬಿಡಿ ಎಂಜಿನ್ನೋ ಟ್ರಾಲಿಯೋ ಹತ್ತಿಸಿ ಮುಂದಿನ ನಿಲ್ದಾಣಕ್ಕೆ ಆಳು ಕಳಿಸಿ ಮೊದಲು ಸಂಪರ್ಕ ತೆರೆಯಬೇಕು. ಯಾವ ಕಾಗದ, ಯಾರ ಸಹಿ, ಎಷ್ಟು ವೇಗ ಮೀರಬಾರದು, ಎಲ್ಲ ಇದೆ. ಗಾಡಿ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಅಳ್ನಾವರದಲ್ಲಿ ಮಳೆಗಾಲದ ರಾತ್ರಿ ಲಾಟೀನು ಹಿಡಿದು ಅದನ್ನು ಮಾಡಿದವರು ಅವರು. “ಕೆಡೋದಿಲ್ಲ ಅಂತ ನಾವು ಎಂದೂ ಬರದಿಲ್ಲವಾ. ಕೆಟ್ಟ ಮ್ಯಾಲೆ ಯಾರು ಏನ್ ಮಾಡ್ಬೇಕು, ಅದನ್ನ ಬರದೇವಿ.”

ಅಂತೂ ಮಧ್ಯಾಹ್ನ ಬೆಂಗಳೂರಿನಿಂದ ಫೋನು ಬಂತು. ಆ ಕಡೆಯವನು ಅಂಕಿ ಹೇಳಿದ, ಅಜ್ಜ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು, ಪ್ರತಿ ಗುಂಪನ್ನೂ ತಿರುಗಿ ಓದಿ ಹೇಳಿ ಆ ಕಡೆಯವನಿಂದ “ಕರೆಕ್ಟ್ ಸರ್” ಅನ್ನಿಸಿಕೊಂಡ ಮೇಲೆಯೇ ಮುಂದಿನದಕ್ಕೆ ಹೋದರು. ಪ್ರೈವೇಟ್ ನಂಬರಿನ ಶಿಸ್ತು. 48 ಅಂಕಿಯಲ್ಲಿ ಒಂದೂ ತಪ್ಪಲಿಲ್ಲ. ಬಳಿಕ ಕ್ಯಾಲೆಂಡರಿನ ಆ ಹಾಳೆಯನ್ನು ಹರಿದು ಸುಡಬೇಕೆಂದವರೂ ಅವರೇ. ಬೀಗದ ಕೈಯನ್ನು ಗೋಡೆಗೆ ತೂಗುಹಾಕಬಾರದೆಂಬುದು ಯಾವ ಸೈಬರ್ ಭದ್ರತೆಯ ತರಬೇತಿಯಲ್ಲೂ ಕೂರದ ಆ ಮನುಷ್ಯನಿಗೆ ಹೊಳೆದಿತ್ತು.

ಇವೆಲ್ಲ ನಕ್ಕು ಹೇಳಬಹುದಾದ ಕತೆಗಳು. 2021ರ ಏಪ್ರಿಲ್, ಮೇ ತಿಂಗಳಿನದು ಹಾಗಲ್ಲ. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಮುಚ್ಚಿತು. ಯಂತ್ರಗಳು ಚೆನ್ನಾಗಿದ್ದವು, ಮನುಷ್ಯರು ಬಿದ್ದರು. ಬಿಸಿಪಿಯಲ್ಲಿ ಪ್ರತಿ ಹೆಸರಿನ ಮುಂದೆ ‘ಬದಲಿ ವ್ಯಕ್ತಿ’ ಎಂಬ ಕಾಲಂ ಇರುತ್ತದೆ. ಆ ವಾರಗಳಲ್ಲಿ ಹೆಸರಿದ್ದವನಿಗೂ ಜ್ವರ, ಬದಲಿಯವನಿಗೂ ಜ್ವರ, ಬದಲಿಯವನ ಅಪ್ಪನಿಗೆ ಕಿಮ್ಸ್ ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕುವ ಓಟ. ಟೀಮಿನ ಪಟ್ಟಿಯಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕಿಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ಅಕ್ಕ ಇವತ್ತಿಗೂ ಹೇಳುವುದಿಲ್ಲ, ಕೇಳಿದರೆ ಮಾತು ಬದಲಿಸುತ್ತಾಳೆ. ಒಂದು ಕೆಲಸವನ್ನು ಕನಿಷ್ಠ ಮೂವರು ಬಲ್ಲವರಾಗಿರಬೇಕು, ಮೂವರೂ ಒಂದೇ ಊರಿನಲ್ಲಿರಬಾರದು ಎಂಬುದು ಆಗ ಕಲಿತ ಪಾಠ. ಯಾವ ಕೆಲಸವನ್ನು ಹದಿನೈದು ದಿನ ಬಿಟ್ಟರೂ ನಡೆಯುತ್ತದೆ ಎಂದು ಬರೆದಿಟ್ಟಿದ್ದ ಟೀಮುಗಳು ಆ ತಿಂಗಳು ದಾಟಿದವು. ಎಲ್ಲವೂ ತುರ್ತು ಎಂದವರು ಎಲ್ಲದರಲ್ಲೂ ಸೋತರು.

ಕೊಪ್ಪೀಕರ ರಸ್ತೆಯ ಸುತ್ತಮುತ್ತ ಇನ್ವರ್ಟರ್ ಮಾರುವ ಅಂಗಡಿಯವರನ್ನು ಮಾತಾಡಿಸಿ ನೋಡಿ. ಹಿಂದೆ ಗಿರಾಕಿಗಳು ಕೇಳುತ್ತಿದ್ದುದು “ಎಷ್ಟ ಫ್ಯಾನ್ ತಿರಗ್ತಾವು, ಟಿವಿ ನಡೀತೈತೇನು?” ಈಗ “ಎರಡ ಲ್ಯಾಪ್‌ಟಾಪಿಗೆ ಎಷ್ಟ ತಾಸು?” ಇನ್ವರ್ಟರು, ಬ್ಯಾಟರಿ, ಟ್ರಾಲಿ ಸೇರಿದರೆ ಇಪ್ಪತ್ತು ಸಾವಿರ ದಾಟುತ್ತದೆ. ಮೂರ್ನಾಲ್ಕು ವರ್ಷಕ್ಕೆ ಮತ್ತೆ ಬ್ಯಾಟರಿ. ರೂಟರಿಗೆಂದೇ ಒಂದು ಪುಟ್ಟ ಯುಪಿಎಸ್. ಎರಡನೆಯ ಇಂಟರ್‌ನೆಟ್ ಲೈನಿನ ತಿಂಗಳ ಬಾಡಿಗೆ. ಬೆಂಗಳೂರಿನ ಕಚೇರಿಯಲ್ಲಿ ಅಕ್ಕ ಕೂತಿದ್ದರೆ ಜನರೇಟರಿನ ಡೀಸೆಲ್ಲು, ಎಸಿ, ಕ್ಯಾಬು, ಚದರಡಿಯ ಬಾಡಿಗೆ ಎಲ್ಲ ಕಂಪನಿಯ ಲೆಕ್ಕಕ್ಕೆ. ಮನೆಗೆ ಬಂದ ಕ್ಷಣ ಅದರ ಬದಲಿನದೆಲ್ಲ ಅಪ್ಪನ ಪೆನ್ಶನ್ ಮತ್ತು ಮಗಳ ಪಗಾರಕ್ಕೆ. 2020ರಲ್ಲಿ ಕೆಲವು ಕಂಪನಿಗಳು ಮೇಜು, ಕುರ್ಚಿಗೆಂದು ಒಂದು ಸಲ ಹಣ ಕೊಟ್ಟವು. ಅಲ್ಲಿಗೆ ಹರ ಹರ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಮಿಕ ಸಂಹಿತೆಯ 2802ನೇ ಸೆಕ್ಷನ್ ಪ್ರಕಾರ ಕೆಲಸಕ್ಕೆ ಬೇಕಾದ ಅಗತ್ಯ ಖರ್ಚನ್ನು ಮಾಲೀಕರು ನೌಕರರಿಗೆ ತುಂಬಿಕೊಡಲೇಬೇಕು. ಆ ರಾಜ್ಯದ ಕ್ಲೈಂಟ್ ತನ್ನೂರಿನ ನೌಕರನಿಗೆ ಕೊಡುವುದನ್ನು, ಅದೇ ಕ್ಲೈಂಟಿನ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನಿಗೆ ಯಾರೂ ಕೊಡುತ್ತಿಲ್ಲ.

ಬಿಸಿಪಿ ಎಂಬುದು ನಿಜವಾಗಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವ ಬಗೆ ಸುಲಭ. ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಬೆಂಕಿಯ ಗಂಟೆ ಬಾರಿಸಿ ಎಲ್ಲರನ್ನೂ ಕೆಳಗಿಳಿಸುತ್ತಾರಲ್ಲ, ಹಾಗೆ ಒಂದು ದಿನ ಮುನ್ಸೂಚನೆ ಇಲ್ಲದೆ ಬೆಳಿಗ್ಗೆ ಹನ್ನೊಂದಕ್ಕೆ ಟೀಮಿನ ಒಬ್ಬರಿಗೆ ಮನೆಯ ಮೇನ್ ಸ್ವಿಚ್ ಇಳಿಸಲು ಹೇಳಲಿ. ಬೇರೆ ದಿನ ರೂಟರ್ ಆರಿಸಲಿ. ಇನ್ನೊಂದು ದಿನ ಲ್ಯಾಪ್‌ಟಾಪನ್ನೇ ಮುಚ್ಚಿ, ಬರೀ ಫೋನಿನಿಂದ ಸಹಾಯ ಪಡೆದು ಎದ್ದು ಬರಲು ಹೇಳಲಿ. ಯಾರ ಕೆಲಸ ಯಾರ ಕೈಗೆ ಹೋಗುತ್ತದೆ, ಎಷ್ಟು ತಾಸಿನಲ್ಲಿ, ಯಾವ ಕಾಗದದ ಮೇಲೆ ಬರೆದಿಟ್ಟ ಫೋನ್ ನಂಬರಿನಿಂದ ಎಂಬುದು ಆಗ ಹೊರಬೀಳುತ್ತದೆ.

ಅವಳಿನಗರದಲ್ಲಿ ಮನೆಯಿಂದ ಕೆಲಸ ಮಾಡುವ ತಂಗಿ ತಮ್ಮಂದಿರಲ್ಲಿ ಒಂದು ವಿನಂತಿ. ಮುಂದಿನ ಸಲ ಆ ಚೌಕದಲ್ಲಿ ಟಿಕ್ ಹಾಕುವ ಮೊದಲು ಮ್ಯಾನೇಜರಿಗೆ ಎರಡು ಪ್ರಶ್ನೆ ಕೇಳಿ ಮೇಲ್ ಬರೆಯಿರಿ. ನನ್ನ ಮನೆಯಲ್ಲಿ ಕರೆಂಟೂ ಇಂಟರ್‌ನೆಟ್ಟೂ ಒಟ್ಟಿಗೆ ಹೋದ ತಾಸಿನಲ್ಲಿ ನನ್ನ ಕೆಲಸ ಯಾರದು? ಬ್ಯಾಟರಿಯ ಬಿಲ್ಲನ್ನು ಯಾರ ಹೆಸರಿಗೆ ಬರೆಸಲಿ? ಉತ್ತರ ಬಂದ ಮೇಲೆ ಟಿಕ್ ಹಾಕಿರಿ.